ಫಾದರ್ ಅಲೆಕ್ಸಿಸ್ ಟೋಥ್: ಗುರುಗಳ ಮದುವೆಯ ಪ್ರಶ್ನೆಗೆ ಸಿಲುಕಿದ ಒಂದು ಬದುಕು



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ನಾಡು ನುಡಿಗೆ ದುಡಿದ ಹಿರಿಯರ ಜೀವನ ಪರಿಚಯ ಮಾಡಿಕೊಡುತ್ತೇವೆ. ಈ ಸಲ ಕನ್ನಡದವರಲ್ಲದ, ಭಾರತದವರೂ ಅಲ್ಲದ ಒಬ್ಬ ಕ್ರೈಸ್ತ ಗುರುಗಳನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣ ಕಾಸರಗೋಡು ಮತ್ತು ವಯನಾಡು ಕಡೆಯ ಸದಸ್ಯರು ಕೇಳಿದ ಒಂದು ಪ್ರಶ್ನೆ. ಅವರ ಕಡೆ ಆರ್ಥಡಾಕ್ಸ್ ಮತ್ತು ಯಾಕೋಬಾಯ ಇಗರ್ಜಿಗಳ ಅಚ್ಚನ್‌ಗಳಿಗೆ ಹೆಂಡತಿ ಮಕ್ಕಳಿರುತ್ತಾರೆ. ಅದೇ ಊರಿನ ಕಥೋಲಿಕ ಇಗರ್ಜಿಯ ಫಾದರ್ ಮಾತ್ರ ಬ್ರಹ್ಮಚಾರಿ. ಒಂದೇ ಕ್ರಿಸ್ತನ ಹೆಸರಿನಲ್ಲಿ ಎರಡು ಪದ್ಧತಿ ಹೇಗೆ ಬಂತು? ಕಥೋಲಿಕರಲ್ಲಿ ಮದುವೆಯಾದ ಗುರುಗಳು ಇಲ್ಲವೇ ಇಲ್ಲವೇ?

ಇದ್ದಾರೆ, ಹಿಂದೆಯೂ ಇದ್ದರು. ಅವರಿಗಾಗಿ ನಡೆದ ಒಂದು ದೊಡ್ಡ ಜಗಳದ ನಡುವೆ ನಿಂತವರು ಫಾದರ್ ಅಲೆಕ್ಸಿಸ್ ಟೋಥ್. ಅಮೆರಿಕದ ಆರ್ಥಡಾಕ್ಸ್ ಕ್ರೈಸ್ತರಲ್ಲಿ ಮನೆಮಾತಾದ ಹೆಸರು ಇದು. ಮೇ 7 ಅವರು ತೀರಿಕೊಂಡ ದಿನ. ತಮ್ಮ ನಾಡು ಬಿಟ್ಟು ಹೋದ ಜನ, ತಮ್ಮ ಪೂಜೆ ಪದ್ಧತಿ, ತಮ್ಮ ನುಡಿ ಇವನ್ನು ಉಳಿಸಿಕೊಳ್ಳಲು ಪಟ್ಟ ಪಾಡು ಈ ಕಥೆಯಲ್ಲಿದೆ. ಆದ್ದರಿಂದ ಗಡಿಯಾಚೆ ಬಾಳುತ್ತಿರುವ ನಮಗೆ ಇದು ತೀರಾ ಪರಕೀಯ ಎನಿಸಲಾರದು.

ಎರಡು ಪದ್ಧತಿ ಬಂದ ಬಗೆ

ಮೊದಲು ನಿಯಮದ ವಿಷಯ. ಕ್ರೈಸ್ತರ ಮೊದಲ ಶತಮಾನಗಳಲ್ಲಿ ಮದುವೆಯಾದ ಗುರುಗಳು ಎಲ್ಲ ಕಡೆಯೂ ಇದ್ದರು. ಸಂತ ಪೇತ್ರರ ಅತ್ತೆಯ ಜ್ವರವನ್ನು ಯೇಸು ವಾಸಿ ಮಾಡಿದ ಪ್ರಸಂಗ ಸುವಾರ್ತೆಯಲ್ಲೇ ಬರುತ್ತದೆ. ಅತ್ತೆ ಇದ್ದ ಮೇಲೆ ಪೇತ್ರರಿಗೆ ಮದುವೆಯಾಗಿತ್ತು ಎಂದಾಯಿತು. ಕಾಲ ಕಳೆದಂತೆ ಪೂರ್ವದ ಸಭೆ ಮತ್ತು ಪಶ್ಚಿಮದ ಸಭೆ ಬೇರೆ ಬೇರೆ ದಾರಿ ಹಿಡಿದವು.

ಪೂರ್ವದಲ್ಲಿ, ಅಂದರೆ ಕಾನ್‌ಸ್ಟಾಂಟಿನೋಪಲ್ ಕಡೆ, 692ರಲ್ಲಿ ನಡೆದ ಟ್ರುಲ್ಲೋ ಸಭೆ ನಿಯಮವನ್ನು ಗೊತ್ತುಮಾಡಿತು. ಅದರ ಪ್ರಕಾರ ಗುರುದೀಕ್ಷೆಗೆ ಮೊದಲು ಮದುವೆಯಾದವನು ಗುರುವಾಗಬಹುದು, ಸಂಸಾರವನ್ನೂ ಮುಂದುವರಿಸಬಹುದು. ದೀಕ್ಷೆಯಾದ ಮೇಲೆ ಮದುವೆ ಇಲ್ಲ. ಹೆಂಡತಿ ತೀರಿಕೊಂಡರೆ ಮರುಮದುವೆಯೂ ಇಲ್ಲ. ಬಿಷಪ್ ಆಗುವವರು ಮಾತ್ರ ಸಂಸಾರದಲ್ಲಿ ಇರಬಾರದು.

ಪಶ್ಚಿಮದಲ್ಲಿ, ಅಂದರೆ ರೋಮ್ ಕಡೆ, ಹಗ್ಗ ಬಿಗಿಯಾಗುತ್ತಲೇ ಹೋಯಿತು. ಮದುವೆಯಾದ ಗುರುಗಳು ಹೆಂಡತಿಯಿಂದ ದೂರವಿರಬೇಕು ಎಂಬ ಕಟ್ಟಳೆ ನಾಲ್ಕನೆಯ ಶತಮಾನದಲ್ಲೇ ಸ್ಪೇನಿನ ಎಲ್ವಿರಾ ಸಭೆಯಲ್ಲಿ ಕಾಣಿಸಿಕೊಂಡಿತು. 1074ರಲ್ಲಿ ಪೋಪ್ ಏಳನೆಯ ಗ್ರೆಗೊರಿ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲು ಹೊರಟರು. 1139ರ ಎರಡನೆಯ ಲ್ಯಾಟರನ್ ಮಹಾಸಭೆ, ಗುರುಗಳು ಮಾಡಿಕೊಳ್ಳುವ ಮದುವೆ ಮದುವೆಯೇ ಅಲ್ಲ ಎಂದು ಸಾರಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಇನ್ನೊಮ್ಮೆ ಗಟ್ಟಿಗೊಳಿಸಿತು. ದೇವರ ಸೇವೆಗೆ ಇಡೀ ಮನಸ್ಸು ಕೊಡಬೇಕೆಂಬ ಆದರ್ಶ ಇದರ ಹಿಂದೆ ಇತ್ತು. ಇಗರ್ಜಿಯ ಹೊಲ ಮನೆ ಗುರುಗಳ ಮಕ್ಕಳಿಗೆ ಪಿತ್ರಾರ್ಜಿತವಾಗಿ ಹೋಗಬಾರದೆಂಬ ಲೆಕ್ಕಾಚಾರವೂ ಇತ್ತು.

ಇವೆರಡರ ನಡುವೆ ಮೂರನೆಯದೊಂದು ಗುಂಪು ಇದೆ. ಈಗಿನ ಉಕ್ರೇನ್, ಸ್ಲೊವಾಕಿಯಾ ದೇಶಗಳಿಗೆ ಹಬ್ಬಿರುವ ಕಾರ್ಪೇಥಿಯನ್ ಬೆಟ್ಟಸಾಲಿನಲ್ಲಿ ರುಸಿನ್ ಎಂಬ ಜನರಿದ್ದಾರೆ. ಅವರ ಪೂಜೆ ಪೂರ್ವದ ಪದ್ಧತಿಯದು, ಪೂಜೆಯ ಭಾಷೆ ಹಳೆಯ ಸ್ಲಾವೋನಿಕ್. 1646ರಲ್ಲಿ ಉಜ್‌ಹೊರೋದ್ ಎಂಬಲ್ಲಿ ಅವರ 63 ಮಂದಿ ಗುರುಗಳು ರೋಮಿನ ಪೋಪರನ್ನು ತಮ್ಮ ಹಿರಿಯರೆಂದು ಒಪ್ಪಿಕೊಂಡರು. ತಮ್ಮ ಪೂಜಾ ಸಂಪ್ರದಾಯ ಹಾಗೆಯೇ ಉಳಿಯಬೇಕು ಎಂಬುದು ಅವರ ಷರತ್ತು. ಆ ಸಂಪ್ರದಾಯದ ಜೊತೆಗೆ ಮದುವೆಯಾದ ಗುರುಗಳ ಪದ್ಧತಿಯೂ ಉಳಿಯಿತು. ಹೀಗೆ ಪೋಪರಿಗೆ ನಡೆದುಕೊಳ್ಳುವ, ಆದರೆ ಹೆಂಡತಿ ಮಕ್ಕಳಿರುವ ಗುರುಗಳು ಕಥೋಲಿಕ ಸಭೆಯೊಳಗೇ ಇದ್ದರು. ಇವರನ್ನು ಗ್ರೀಕ್ ಕಥೋಲಿಕರು ಎಂದು ಕರೆಯುವುದು ರೂಢಿ.

ಪ್ರೆಶೋವ್‌ನ ದಿನಗಳು

ಅಲೆಕ್ಸಿಸ್ ಟೋಥ್ ಹುಟ್ಟಿದ್ದು ಇಂಥದೇ ಮನೆತನದಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪ್ರೆಶೋವ್ ಸೀಮೆಯಲ್ಲಿ, 1850ರ ದಶಕದ ಮೊದಲ ಭಾಗದಲ್ಲಿ. ತಂದೆಯೂ ಗುರು, ಅಣ್ಣತಮ್ಮಂದಿರಲ್ಲೂ ಒಬ್ಬರು ಗುರು. ಆ ಬೆಟ್ಟದ ಹಳ್ಳಿಗಳಲ್ಲಿ ಗುರುಗಳ ಮನೆ ಎಂದರೆ ಊರಿಗೇ ಬೇಕಾದ ಮನೆ. ಗುರುಗಳ ಮಗ ಗುರುವಾಗುವುದು, ಇನ್ನೊಬ್ಬ ಗುರುಗಳ ಮಗಳನ್ನು ಮದುವೆಯಾಗುವುದು ತಲೆತಲಾಂತರದಿಂದ ನಡೆದು ಬಂದಿತ್ತು. ಅಲೆಕ್ಸಿಸ್ ಕೂಡ ಧರ್ಮಶಾಸ್ತ್ರದ ಓದು ಮುಗಿಸಿ, ರೊಸಾಲಿಯಾ ಮಿಹಾಲಿಚ್ ಎಂಬ ಗುರುಪುತ್ರಿಯನ್ನು ಮದುವೆಯಾದರು. 1878ರ ಏಪ್ರಿಲ್ 18ರಂದು ಅವರಿಗೆ ಗುರುದೀಕ್ಷೆಯಾಯಿತು.

ಸಂಸಾರ ಹೆಚ್ಚು ದಿನ ಉಳಿಯಲಿಲ್ಲ. ಸ್ವಲ್ಪ ಕಾಲದಲ್ಲೇ ಹೆಂಡತಿ ತೀರಿಕೊಂಡರು. ಇದ್ದದ್ದು ಒಂದೇ ಮಗು, ಅದೂ ಉಳಿಯಲಿಲ್ಲ. ನಾವು ಮೇಲೆ ಹೇಳಿದ ನಿಯಮದಂತೆ ದೀಕ್ಷೆಯಾದ ಗುರುವಿಗೆ ಮರುಮದುವೆ ಇಲ್ಲ. ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ ಅವರು ಒಂಟಿಯಾದರು. ಕೊನೆಯವರೆಗೂ ಒಂಟಿಯಾಗಿಯೇ ಬಾಳಿದರು. ಓದುಗರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ದುಃಖವನ್ನು ಅವರು ಕೆಲಸದಲ್ಲಿ ಮರೆತರು. 1879ರಲ್ಲಿ ಪ್ರೆಶೋವ್ ಬಿಷಪ್ಪರ ಕಾರ್ಯದರ್ಶಿಯಾದರು. ಕಚೇರಿಯ ಕಾಗದಪತ್ರ, ಆಡಳಿತ ಎಲ್ಲ ಅವರ ಕೈಯಲ್ಲಿತ್ತು. ಒಂದು ಅನಾಥಾಲಯವನ್ನೂ ನೋಡಿಕೊಂಡರು. ಗುರುಮಠದಲ್ಲಿ ಸಭೆಯ ಇತಿಹಾಸ ಮತ್ತು ಸಭೆಯ ಕಾನೂನು ಪಾಠ ಹೇಳುತ್ತಿದ್ದರು. ರುಸಿನ್, ಹಂಗೇರಿಯನ್, ರಷ್ಯನ್, ಜರ್ಮನ್, ಲ್ಯಾಟಿನ್ ಬಲ್ಲವರು, ಗ್ರೀಕ್ ಓದಬಲ್ಲವರು. ಅಂದರೆ, ಯಾವ ಕಾನೂನಿನ ಮೇಲೆ ಮುಂದೆ ಜಗಳ ನಡೆಯಿತೋ ಆ ಕಾನೂನನ್ನು ಸ್ವತಃ ಪಾಠ ಮಾಡಿದವರು ಅವರು.

ಸಮುದ್ರದಾಚೆ

ಆ ಕಾಲದಲ್ಲಿ ಬೆಟ್ಟದ ಹಳ್ಳಿಗಳಲ್ಲಿ ಹೊಟ್ಟೆಗಿಲ್ಲದೆ ರುಸಿನ್ ಜನ ಸಾವಿರಗಟ್ಟಲೆ ಅಮೆರಿಕಕ್ಕೆ ಹೋಗುತ್ತಿದ್ದರು. ಹೆಚ್ಚಿನವರು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳಿಗೆ ಇಳಿದರು. ಕೆಲವರು ಮಿನೆಸೋಟದ ಮಿನಿಯಾಪೊಲಿಸ್ ನಗರ ಸೇರಿದರು. ಅಲ್ಲಿ ಕೂಲಿ ಮಾಡುತ್ತಲೇ ಹಣ ಕೂಡಿಸಿ, ಸಾಲ ಮಾಡಿ, ಸೇಂಟ್ ಮೇರಿ ಹೆಸರಿನಲ್ಲಿ ಒಂದು ಇಗರ್ಜಿ ಕಟ್ಟಿಕೊಂಡರು. ಇಗರ್ಜಿ ಎದ್ದಿತು, ಆದರೆ ಪೂಜೆಗೆ ಗುರು ಇರಲಿಲ್ಲ. ತಮ್ಮ ಕಡೆಯ ಗುರುವೊಬ್ಬರನ್ನು ಕಳಿಸಿಕೊಡಿ ಎಂದು ಊರಿಗೆ ಬರೆದರು. ಅದರಂತೆ ಬಿಷಪ್ ವಾಲಿ ಅವರು 1889ರ ಅಕ್ಟೋಬರಿನಲ್ಲಿ ಟೋಥ್ ಅವರನ್ನು ನೇಮಿಸಿದರು. ನವೆಂಬರಿನಲ್ಲಿ ಟೋಥ್ ಅಮೆರಿಕ ತಲುಪಿದರು.

ಬಂದು ನೋಡಿದರೆ ಇಗರ್ಜಿಯಲ್ಲಿ ಪೂಜೆಯ ಸಾಮಾನು ಇಲ್ಲ, ತಲೆಯ ಮೇಲೆ ಸಾಲ. ಆದರೂ ನವೆಂಬರ್ ತಿಂಗಳಲ್ಲೇ ಪೂಜೆ ಆರಂಭಿಸಿದರು. ನಂತರ ನಿಯಮದ ಪ್ರಕಾರ ಮಾಡಬೇಕಾದ ಕೆಲಸವೊಂದಿತ್ತು. ಆಗ ಅಮೆರಿಕದಲ್ಲಿ ಗ್ರೀಕ್ ಕಥೋಲಿಕರಿಗೆ ಬಿಷಪ್ ಇರಲಿಲ್ಲ. ತಮ್ಮ ಬಿಷಪ್ ಇಲ್ಲದ ಕಡೆ ಆ ಸ್ಥಳದ ಲ್ಯಾಟಿನ್ ಬಿಷಪ್ಪರ ಮುಂದೆ ಹಾಜರಾಗಿ ಕಾಗದಪತ್ರ ತೋರಿಸಬೇಕು. ಮಿನಿಯಾಪೊಲಿಸ್‌ಗೆ ಸೇರಿದ ಆರ್ಚ್‌ಬಿಷಪ್ ಇದ್ದದ್ದು ಪಕ್ಕದ ಸೇಂಟ್ ಪಾಲ್ ನಗರದಲ್ಲಿ. ಅವರ ಹೆಸರು ಜಾನ್ ಐರ್ಲೆಂಡ್.

1889ರ ಡಿಸೆಂಬರ್ 19

ಈ ಭೇಟಿಯ ವಿವರವನ್ನು ಟೋಥ್ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಹಾಗಾಗಿ ಇದು ಒಂದು ಕಡೆಯವರ ಮಾತು ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಓದಬೇಕು. ಅವರು ಹೋಗಿ ಆರ್ಚ್‌ಬಿಷಪ್ಪರ ಕೈಗೆ ಮುತ್ತಿಟ್ಟು ಕಾಗದಪತ್ರಗಳನ್ನು ಮುಂದಿಟ್ಟರು. ಮಾತುಕತೆ ಲ್ಯಾಟಿನ್ ಭಾಷೆಯಲ್ಲಿ ನಡೆಯಿತು. ಗ್ರೀಕ್ ಕಥೋಲಿಕ ಎಂಬ ಪದ ಕಣ್ಣಿಗೆ ಬೀಳುತ್ತಿದ್ದಂತೆ ಆರ್ಚ್‌ಬಿಷಪ್ಪರ ಕೈ ನಡುಗತೊಡಗಿತಂತೆ. ಹೆಂಡತಿ ಇದ್ದಾಳೆಯೇ ಎಂದು ಅವರು ಕೇಳಿದರು. ಇಲ್ಲ ಎಂದರು ಟೋಥ್. ಹಿಂದೆ ಇದ್ದಳೇ ಎಂಬುದು ಮುಂದಿನ ಪ್ರಶ್ನೆ. ಇದ್ದಳು, ಈಗ ನಾನು ವಿಧುರ ಎಂದು ಟೋಥ್ ಉತ್ತರಿಸಿದರು.

ಅಷ್ಟಕ್ಕೇ ಕಾಗದ ಮೇಜಿನ ಮೇಲೆ ಬಿತ್ತು. ಇಂಥ ಗುರುಗಳನ್ನು ಕಳಿಸಕೂಡದೆಂದು ತಾವು ಆಗಲೇ ರೋಮ್‌ಗೆ ಬರೆದಾಗಿದೆ ಎಂದು ಆರ್ಚ್‌ಬಿಷಪ್ ಕೂಗಿದರು. ಟೋಥ್ ಅವರನ್ನಾಗಲಿ, ಅವರನ್ನು ಕಳಿಸಿದ ಬಿಷಪ್ಪರನ್ನಾಗಲಿ ತಾವು ಕಥೋಲಿಕರೆಂದು ಎಣಿಸುವುದಿಲ್ಲ ಎಂದರು. ಊರಿನಲ್ಲಿ ಪೋಲಿಷ್ ಗುರು ಇದ್ದಾರೆ, ಆ ಜನಕ್ಕೆ ಅವರೇ ಸಾಕು ಎಂದೂ ಹೇಳಿದರು. ಇಬ್ಬರ ದನಿಯೂ ಏರಿತು. ಟೋಥ್ ಅನುಮತಿ ಸಿಗದೆ ಹೊರಬಂದರು. ಈ ಗುರುವಿನೊಡನೆ ಯಾರೂ ವ್ಯವಹರಿಸಬಾರದೆಂಬ ಸೂಚನೆ ಸ್ಥಳೀಯ ಗುರುಗಳಿಗೆ ಹೋಯಿತು.

ಇಲ್ಲಿ ವಿಷಯ ಏನೆಂದು ಸ್ವಲ್ಪ ನಿಂತು ನೋಡಬೇಕು. ಟೋಥ್ ಅವರ ಮನೆಯಲ್ಲಿ ಹೆಂಡತಿ ಇರಲಿಲ್ಲ. ರೋಮಿನ ನಿಯಮ ಬಯಸುವ ಹಾಗೆಯೇ ಅವರು ಒಂಟಿಯಾಗಿ ಬಾಳುತ್ತಿದ್ದರು. ಹತ್ತು ವರ್ಷದ ಹಿಂದೆ ಮಣ್ಣಾದ ಹೆಂಡತಿಯ ನೆಪದಲ್ಲಿ ಅವರನ್ನು ಹೊರಗಿಟ್ಟಂತಾಯಿತು. ಹಾಗಾಗಿ ನಿಜವಾದ ತಕರಾರು ಒಬ್ಬ ಗುರುವಿನ ಸಂಸಾರದ್ದಲ್ಲ. ಪೋಪರೇ ಒಪ್ಪಿ ಎರಡೂವರೆ ಶತಮಾನ ನಡೆದು ಬಂದ ಒಂದು ಪದ್ಧತಿ ಸಮುದ್ರ ದಾಟಿದ ಮೇಲೂ ಮಾನ್ಯವೋ ಅಲ್ಲವೋ ಎಂಬುದೇ ತಕರಾರು.

ಆರ್ಚ್‌ಬಿಷಪ್ಪರ ಕಡೆಯ ಮಾತು

ಜಾನ್ ಐರ್ಲೆಂಡ್ ಅವರನ್ನು ಬರೀ ದುಷ್ಟರೆಂದು ಚಿತ್ರಿಸಿದರೆ ಅನ್ಯಾಯವಾಗುತ್ತದೆ. ಐರ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ವಲಸೆ ಬಂದವರು ಅವರು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರ ಗುರುವಾಗಿ ಸೇವೆ ಮಾಡಿದವರು. ಪ್ರೊಟೆಸ್ಟೆಂಟರೇ ಹೆಚ್ಚಾಗಿದ್ದ ಆ ದೇಶದಲ್ಲಿ ಕಥೋಲಿಕರೆಂದರೆ ಪರದೇಶಿಗಳು, ಪೋಪನ ಕಡೆಯವರು ಎಂಬ ಅನುಮಾನ ಬಲವಾಗಿತ್ತು. ಕಥೋಲಿಕರು ಆದಷ್ಟು ಬೇಗ ಇಂಗ್ಲಿಷ್ ಕಲಿತು ಅಮೆರಿಕನ್ನರಾಗಬೇಕು, ಜರ್ಮನರಿಗೊಂದು ಪೋಲಿಷರಿಗೊಂದು ಎಂದು ಸಭೆ ಒಡೆಯಬಾರದು ಎಂಬುದು ಅವರ ನಿಲುವು. ಒಂದು ಇಗರ್ಜಿಯ ಗುರು ಬ್ರಹ್ಮಚಾರಿ, ಪಕ್ಕದ ಬೀದಿಯ ಗುರು ಸಂಸಾರಿ ಎಂದಾದರೆ ತಮ್ಮ ಜನ ಏನೆಂದುಕೊಂಡಾರು ಎಂಬ ಭಯ ಅಲ್ಲಿನ ಬಹಳ ಬಿಷಪ್ಪರಿಗಿತ್ತು. ಟೋಥ್ ಅವರಿಗಿಂತ ಮೊದಲು, 1884ರಲ್ಲಿ, ಪೆನ್ಸಿಲ್ವೇನಿಯಾಕ್ಕೆ ಬಂದಿದ್ದ ಇವಾನ್ ವೊಲಿಯಾನ್ಸ್ಕಿ ಎಂಬ ಗುರು ಹೆಂಡತಿಯೊಡನೆ ಬಂದವರು. ಅವರಿಗೂ ಫಿಲಡೆಲ್ಫಿಯಾದ ಆರ್ಚ್‌ಬಿಷಪ್ಪರಿಂದ ಇದೇ ಅನುಭವವಾಗಿತ್ತು.

ರೋಮ್ ಕೂಡ ಬಿಷಪ್ಪರ ಪರವಾಗಿಯೇ ನಿಂತಿತು. ಅಮೆರಿಕಕ್ಕೆ ಹೋಗುವ ಪೂರ್ವ ಸಂಪ್ರದಾಯದ ಗುರುಗಳು ಅವಿವಾಹಿತರೋ ವಿಧುರರೋ ಆಗಿರಬೇಕು, ಲ್ಯಾಟಿನ್ ಬಿಷಪ್ಪರ ಅಧೀನದಲ್ಲಿರಬೇಕು ಎಂಬ ಆದೇಶ 1890ರಲ್ಲಿ ಹೊರಟಿತು. ಒಂದೇ ಪೋಪರ ಕೆಳಗೆ, ಒಂದೇ ಸಂಪ್ರದಾಯದ ಗುರು ಪ್ರೆಶೋವ್‌ನಲ್ಲಿ ಹೆಂಡತಿ ಮಕ್ಕಳೊಡನೆ ಗೌರವವಾಗಿ ಬಾಳಬಹುದು, ಪೆನ್ಸಿಲ್ವೇನಿಯಾದಲ್ಲಿ ಬಾಳುವಂತಿಲ್ಲ ಎಂದಾಯಿತು.

ಬೇರೆ ಬಾಗಿಲು

ಟೋಥ್ ಸುಮ್ಮನೆ ಕೂಡಲಿಲ್ಲ. ತಮ್ಮ ಬಿಷಪ್ಪರಿಗೆ ಬರೆದು ದಾರಿ ತೋರಿಸಿ ಎಂದು ಕೇಳಿದರು. ತೃಪ್ತಿಯಾಗುವ ಉತ್ತರ ಬರಲಿಲ್ಲ. 1890ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿದ್ದ ಬೆರಳೆಣಿಕೆಯ ಗ್ರೀಕ್ ಕಥೋಲಿಕ ಗುರುಗಳು ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಪಟ್ಟಣದಲ್ಲಿ ಸಭೆ ಸೇರಿದರು. ಟೋಥ್ ಅವರೇ ಅಧ್ಯಕ್ಷತೆ ವಹಿಸಿದರು. ಎಲ್ಲರದೂ ಒಂದೇ ದೂರು. ಪರಿಹಾರ ಮಾತ್ರ ಯಾರ ಬಳಿಯೂ ಇರಲಿಲ್ಲ.

ಆಗ ಅವರಿಗೆ ನೆನಪಾದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ರಷ್ಯನ್ ಆರ್ಥಡಾಕ್ಸ್ ಬಿಷಪ್. ಅಲಾಸ್ಕಾ ಹಿಂದೆ ರಷ್ಯಾದ ಕೈಯಲ್ಲಿದ್ದ ಕಾರಣ ಆ ಸಭೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿತ್ತು. ಅವರದೂ ಪೂರ್ವದ ಪದ್ಧತಿ, ಅದೇ ಸ್ಲಾವೋನಿಕ್ ಪೂಜೆ, ಮದುವೆಯಾದ ಗುರುಗಳು. ಪೋಪರ ಸಂಬಂಧ ಮಾತ್ರ ಇಲ್ಲ. ಪತ್ರ ಹೋಯಿತು, ಇಗರ್ಜಿಯ ಕಡೆಯಿಂದ ಜನ ಹೋಗಿ ಬಂದರು, 1891ರ ಫೆಬ್ರವರಿಯಲ್ಲಿ ಟೋಥ್ ಸ್ವತಃ ಹೋದರು. ಕೊನೆಗೆ ಬಿಷಪ್ ವ್ಲಾದಿಮಿರ್ ಮಿನಿಯಾಪೊಲಿಸ್‌ಗೆ ಬಂದು, 1891ರ ಮಾರ್ಚ್ 25ರಂದು ಟೋಥ್ ಅವರನ್ನೂ ಅವರ 361 ಮಂದಿ ಭಕ್ತರನ್ನೂ ಆರ್ಥಡಾಕ್ಸ್ ಸಭೆಗೆ ಸೇರಿಸಿಕೊಂಡರು.

ರಷ್ಯಾದ ಪವಿತ್ರ ಸಿನೋಡ್ ಇದನ್ನು ಅಂಗೀಕರಿಸಿದ್ದು 1892ರಲ್ಲಿ. ಅಲ್ಲಿಯವರೆಗೆ ಟೋಥ್ ಅವರಿಗೆ ಸಂಬಳವಿಲ್ಲ. ಇತ್ತ ವಿರೋಧಿಗಳು ರಷ್ಯಾದ ಚಿನ್ನಕ್ಕೆ ಜನರನ್ನು ಮಾರಿಕೊಂಡ ಎಂದು ಹಬ್ಬಿಸಿದರು. ಆ ಹೊತ್ತಿನಲ್ಲಿ, ಕಾನೂನು ಪಾಠ ಹೇಳುತ್ತಿದ್ದ ಈ ವಿದ್ವಾಂಸರು ಹೊಟ್ಟೆಪಾಡಿಗೆ ಬೇಕರಿಯೊಂದರಲ್ಲಿ ದುಡಿಯುತ್ತಿದ್ದರು.

ಗೆದ್ದದ್ದು, ಕಳೆದುಕೊಂಡದ್ದು

ಆಮೇಲೆ ಅವರು ವಿಲ್ಕ್ಸ್-ಬ್ಯಾರಿಗೆ ಹೋದರು. ಗಣಿ ಕೆಲಸಗಾರರ ಊರುಗಳನ್ನು ಸುತ್ತಿ, ಭಾಷಣ ಮಾಡಿ, ಸಣ್ಣ ಸಣ್ಣ ಪುಸ್ತಕ ಬರೆದು ಜನರನ್ನು ತಮ್ಮ ದಾರಿಗೆ ಕರೆದರು. ಅವರು ತೀರಿಕೊಳ್ಳುವ ಹೊತ್ತಿಗೆ ಹದಿನೈದರಿಂದ ಇಪ್ಪತ್ತು ಸಾವಿರ ಗ್ರೀಕ್ ಕಥೋಲಿಕರು ರೋಮ್ ಬಿಟ್ಟು ಆರ್ಥಡಾಕ್ಸ್ ಸಭೆ ಸೇರಿದ್ದರೆಂಬ ಲೆಕ್ಕವಿದೆ. 1907ರಲ್ಲಿ ಬಿಷಪ್ ಪದವಿ ಕೊಡಲು ಮುಂದೆ ಬಂದಾಗ, ಆರೋಗ್ಯ ಸರಿಯಿಲ್ಲ, ಕಿರಿಯರಿಗೆ ಕೊಡಿ ಎಂದು ಬೇಡವೆಂದರು.

ಈ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕು. ಒಂದೇ ಹಳ್ಳಿಯಿಂದ ಬಂದವರು, ಒಂದೇ ಪ್ರಾರ್ಥನೆ ಹೇಳುವವರು ಎರಡು ಪಂಗಡವಾದರು. ಒಟ್ಟಿಗೆ ಹಣ ಹಾಕಿ ಕಟ್ಟಿದ ಇಗರ್ಜಿ ಯಾರದು ಎಂದು ಕೋರ್ಟು ಹತ್ತಿದರು. ವಿಲ್ಕ್ಸ್-ಬ್ಯಾರಿಯ ಇಗರ್ಜಿಯ ದಾವೆ ವರ್ಷಗಟ್ಟಲೆ ನಡೆದು, 1900ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟಿನಲ್ಲಿ ಕಥೋಲಿಕರ ಕಡೆಗೆ ಆಯಿತು. ಆರ್ಥಡಾಕ್ಸ್ ಸೇರಿದವರು ಬೇರೆ ಇಗರ್ಜಿ ನೋಡಿಕೊಳ್ಳಬೇಕಾಯಿತು. ಟೋಥ್ ಅವರ ಬರವಣಿಗೆಯೂ ಸೌಮ್ಯವಾಗಿರಲಿಲ್ಲ. ತಮ್ಮ ಹಳೆಯ ಸಭೆಯನ್ನು ಅವರು ಖಾರವಾಗಿಯೇ ಖಂಡಿಸಿದರು. ಗಾಯಗೊಂಡವರ ಮಾತು ಅದು, ಆದರೆ ಅದೂ ಬೇರೆಯವರಿಗೆ ಗಾಯ ಮಾಡಿತು.

1909ರ ಮೇ 7ರಂದು ವಿಲ್ಕ್ಸ್-ಬ್ಯಾರಿಯಲ್ಲಿ ಅವರು ಕಣ್ಣು ಮುಚ್ಚಿದರು. ಪೆನ್ಸಿಲ್ವೇನಿಯಾದ ಸೌತ್ ಕೇನನ್‌ನಲ್ಲಿರುವ ಸೇಂಟ್ ಟಿಖಾನ್ ಮಠದಲ್ಲಿ ಅವರ ಸಮಾಧಿ ಇದೆ. 1994ರ ಮೇ ತಿಂಗಳಲ್ಲಿ ಅದೇ ಮಠದಲ್ಲಿ ಅಮೆರಿಕದ ಆರ್ಥಡಾಕ್ಸ್ ಸಭೆ ಅವರನ್ನು ಸಂತರೆಂದು ಘೋಷಿಸಿತು.

ನಿಯಮದ ಮುಂದಿನ ಗತಿ

ಅವರ ನಂತರವೂ ಪ್ರಶ್ನೆ ಮುಗಿಯಲಿಲ್ಲ. 1907ರಲ್ಲಿ ರೋಮ್ ಅಮೆರಿಕದ ಗ್ರೀಕ್ ಕಥೋಲಿಕರಿಗೆ ಒಬ್ಬ ಬಿಷಪ್ಪರನ್ನು ಕೊಟ್ಟಿತು, ಆದರೆ ಪೂರ್ತಿ ಅಧಿಕಾರ ಕೊಡಲಿಲ್ಲ. 1929ರಲ್ಲಿ ಇನ್ನೊಂದು ಆದೇಶ ಹೊರಡಿಸಿ ಮದುವೆಯಾದ ಗುರುಗಳ ಮೇಲಿನ ನಿಷೇಧವನ್ನು ಮತ್ತೆ ಬಿಗಿ ಮಾಡಿತು. ಆಗ ಎರಡನೆಯ ಸಲ ಸಭೆ ಒಡೆಯಿತು. ಹೊರಬಂದವರನ್ನು 1938ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥಡಾಕ್ಸ್ ಹಿರಿಯರು ಪ್ರತ್ಯೇಕ ಧರ್ಮಪ್ರಾಂತ್ಯವಾಗಿ ಸೇರಿಸಿಕೊಂಡರು. ಕೊನೆಗೆ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2014ರಲ್ಲಿ, ಆ ನಿಷೇಧ ತೆರವಾಯಿತು. ಈಗ ಪೂರ್ವ ಸಂಪ್ರದಾಯದ ಕಥೋಲಿಕ ಸಭೆಗಳು ತಮ್ಮ ಮೂಲ ನಾಡಿನ ಹೊರಗೂ ಮದುವೆಯಾದವರಿಗೆ ಗುರುದೀಕ್ಷೆ ಕೊಡಬಹುದು. ಟೋಥ್ ಮೇಜಿನ ಮೇಲಿಟ್ಟ ಕಾಗದಕ್ಕೆ ಒಪ್ಪಿಗೆ ಸಿಗಲು 125 ವರ್ಷ ಬೇಕಾಯಿತು ಎನ್ನಬಹುದು.

ಲ್ಯಾಟಿನ್ ಪದ್ಧತಿಯ ಕಥೋಲಿಕರಲ್ಲಿ, ಅಂದರೆ ಗೋವಾದಲ್ಲಿ, ಮಂಗಳೂರಿನಲ್ಲಿ ನಾವು ಕಾಣುವ ಇಗರ್ಜಿಗಳಲ್ಲಿ, ಬ್ರಹ್ಮಚರ್ಯದ ನಿಯಮ ಇಂದಿಗೂ ಇದೆ. ಕೇರಳದ ಸಿರೋ ಮಲಬಾರ್ ಸಭೆ ಪೂರ್ವ ಸಂಪ್ರದಾಯದ್ದಾದರೂ ಅಲ್ಲಿಯ ಗುರುಗಳೂ ಬ್ರಹ್ಮಚಾರಿಗಳೇ. ಸದಸ್ಯರು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು. ಬ್ರಹ್ಮಚರ್ಯ ಕಥೋಲಿಕರ ಮೂಲ ಸಿದ್ಧಾಂತವಲ್ಲ, ಸಭೆಯ ಶಿಸ್ತು. ಶಿಸ್ತು ಸೀಮೆಯಿಂದ ಸೀಮೆಗೆ ಬೇರೆಯಾಗಬಹುದು ಎಂದು ರೋಮ್ ತಾನೇ ಒಪ್ಪಿದೆ. ಬ್ರಹ್ಮಚರ್ಯ ದೊಡ್ಡದೋ ಸಂಸಾರ ದೊಡ್ಡದೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಎರಡೂ ದಾರಿಯಲ್ಲಿ ನಡೆದು ಜನರ ಸೇವೆ ಮಾಡಿದ ಗುರುಗಳಿದ್ದಾರೆ.

ನಮಗೆ ಮುಖ್ಯ ಎನಿಸಿದ್ದು ಬೇರೆ. ಒಂದು ಕಡೆ ಕೊಟ್ಟ ಮಾತು ಗಡಿ ದಾಟಿದ ಮೇಲೂ ನಿಲ್ಲಬೇಕು. ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಪುಸ್ತಕದಲ್ಲಿರುವ ಮಾತನ್ನು ಕೌಂಟರಿನ ಆಚೆ ಕುಳಿತವರು ಓದಿದಾಗ ಮಾತ್ರ ಅದಕ್ಕೆ ಬೆಲೆ. ಜಾನ್ ಐರ್ಲೆಂಡ್ ಅಂದು ಕಾಗದವನ್ನು ತಾಳ್ಮೆಯಿಂದ ಓದಿ, ನಿಮ್ಮ ಪದ್ಧತಿ ನಿಮಗಿರಲಿ ಎಂದಿದ್ದರೆ ಇಪ್ಪತ್ತು ಸಾವಿರ ಜನರನ್ನು ಅವರ ಸಭೆ ಕಳೆದುಕೊಳ್ಳುತ್ತಿರಲಿಲ್ಲವೇನೋ. ಅಮೆರಿಕದಲ್ಲಿ ಆರ್ಥಡಾಕ್ಸ್ ಸಭೆಯನ್ನು ಬೆಳೆಸಿದವರಲ್ಲಿ ಐರ್ಲೆಂಡ್ ಅವರೇ ಮೊದಲಿಗರು ಎಂದು ಇತಿಹಾಸ ಬಲ್ಲವರು ಇಂದಿಗೂ ಹಾಸ್ಯ ಮಾಡುತ್ತಾರೆ.

ಇನ್ನೊಂದು ಮಾತು ನಮಗೇ ಅನ್ವಯಿಸುತ್ತದೆ. ಹೊರಗಿನವರು ಬಾಗಿಲು ಮುಚ್ಚಿದಾಗ ಒಳಗಿರುವವರು ಎರಡು ಪಂಗಡವಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ರುಸಿನ್ ಜನರಿಗೆ ಅದು ಸಾಧ್ಯವಾಗಲಿಲ್ಲ. ನಮ್ಮ ಊರುಗಳಲ್ಲಿ ಶಾಲೆ, ಸಂಘ, ಗ್ರಂಥಾಲಯಗಳ ವಿಷಯ ಬಂದಾಗ ಈ ಕಥೆ ನೆನಪಿರಲಿ.

ಮುಂದಿನ ಮಾಸಿಕ ಸಭೆಯಲ್ಲಿ ಈ ಲೇಖನದ ಮೇಲೆ ಅರ್ಧ ಗಂಟೆ ಚರ್ಚೆಗೆ ಸಮಯ ಇಟ್ಟಿದ್ದೇವೆ. ಕ್ರೈಸ್ತ ಸದಸ್ಯರು ತಮ್ಮ ತಮ್ಮ ಇಗರ್ಜಿಗಳ ಪದ್ಧತಿಯ ಬಗ್ಗೆ ತಿಳಿಸಿಕೊಟ್ಟರೆ ಎಲ್ಲರಿಗೂ ಉಪಕಾರವಾಗುತ್ತದೆ.

— ಕಾರ್ಯದರ್ಶಿ